ಹುಕ್ಕೇರಿಗೆ ಅಮೆರಿಕದ ತಂತಿ, ಗೋಕಾಕಕ್ಕೆ ರಷ್ಯದ ಬಹುಮಾನ

ವಾಷಿಂಗ್ಟನ್ನಿಗೂ ಮಾಸ್ಕೋಗೂ ಮುಖ ಕೊಟ್ಟು ಮಾತಿಲ್ಲದ ಕಾಲ. ಒಬ್ಬರು ಗೋಧಿ ಕಳಿಸಿದರೆ ಇನ್ನೊಬ್ಬರು ಪುಸ್ತಕ ಕಳಿಸಿದರು. ಒಬ್ಬರು ಕರೆಂಟಿನ ಕಂಬಕ್ಕೆ ದುಡ್ಡು ಹೊಂದಿಸಿದರೆ ಇನ್ನೊಬ್ಬರು ಕಾದಂಬರಿಗೆ ಪ್ರಶಸ್ತಿ ಕೊಟ್ಟರು. ಘಟಪ್ರಭೆಯ ದಂಡೆಯ ಮಂದಿ ಇಬ್ಬರಿಗೂ ಕೈ ಮುಗಿದು, ಸಿಕ್ಕಿದ್ದನ್ನು ಮನೆಗೆ ಒಯ್ದರು. ಶೀತಲ ಸಮರ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಏನೇನು ಬಿಟ್ಟುಹೋಯಿತು?

1961ರ ಡಿಸೆಂಬರ್. ಕಬ್ಬು ಕಡಿಯುವ ಹಂಗಾಮು. ಮೂಡಲಗಿ ಕಡೆಯ ಗಾಣಗಳಲ್ಲಿ ಬೆಲ್ಲದ ಪಾಕ ಕುದಿಯುತ್ತಿದೆ. ಬೆಳಗಿನ ಚಳಿಗೆ ಅದರ ಹೊಗೆ ಮೇಲೇಳದೆ ಹೊಲದ ಮೇಲೇ ಹಾಸಿಕೊಂಡಿದೆ. ದೂರದಲ್ಲಿ ಮೀಟರ್ ಗೇಜ್ ಹಳಿಯ ಮೇಲೆ ಕಲ್ಲಿದ್ದಲಿನ ಎಂಜಿನ್ ಏದುಸಿರು ಬಿಡುತ್ತಾ ಬರುತ್ತಿದೆ.

ಪುಣೆ ಕಡೆಯಿಂದ ಬೆಳಗಾವಿಗೆ ರೈಲಿನಲ್ಲಿ ಬರುವವರು ಮೀರಜ್ ದಾಟಿ ಕುಡಚಿ, ರಾಯಬಾಗ, ಘಟಪ್ರಭಾ, ಗೋಕಾಕ ರೋಡ್ ಸ್ಟೇಷನ್ನುಗಳನ್ನು ಹಾದೇ ಬರಬೇಕು. ರಸ್ತೆ ಹಿಡಿದರೆ ಸಂಕೇಶ್ವರ ತಪ್ಪುವುದಿಲ್ಲ. ಆ ತಿಂಗಳು ಈ ದಾರಿಯಲ್ಲಿ ಬಂದವರು ಸಂತೆಗೆ ಹೊರಟವರಲ್ಲ, ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೊರಟವರೂ ಅಲ್ಲ. ಬಂದೂಕು ಹೆಗಲಿಗೇರಿಸಿದ ಸೈನಿಕರು.

ಗೋವಾ ಬಿಡಿಸಲು ಹೊರಟ 'ಆಪರೇಷನ್ ವಿಜಯ್'ಗೆ ಬೆಳಗಾವಿಯೇ ಠಾಣ್ಯ. ದಕ್ಷಿಣ ಕಮಾಂಡಿನ ಲೆಫ್ಟಿನೆಂಟ್ ಜನರಲ್ ಜೆ.ಎನ್. ಚೌಧುರಿ ಅವರ ಉಸ್ತುವಾರಿ. 17ನೇ ಪದಾತಿ ಡಿವಿಜನ್ನಿನ ಮೇಜರ್ ಜನರಲ್ ಕೆ.ಪಿ. ಕ್ಯಾಂಡೆತ್ ಅವರ ಮುಂದಾಳುತನ. ಡಿಸೆಂಬರ್ 17ರ ರಾತ್ರಿ ಕಳೆದು 18 ಹುಟ್ಟುವಾಗ ಸೇನೆ ಗಡಿ ದಾಟಿತು. 19ರ ಸಂಜೆ ಪೋರ್ಚುಗೀಸ್ ಗವರ್ನರ್ ಜನರಲ್ ವಸ್ಸಾಲೊ ಇ ಸಿಲ್ವಾ ಶರಣಾದರು. 451 ವರ್ಷದ ಆಳ್ವಿಕೆ ಎರಡು ದಿನದೊಳಗೆ ಮುಗಿಯಿತು.

ಇಷ್ಟನ್ನು ಶಾಲೆಯ ಪುಸ್ತಕವೂ ಹೇಳುತ್ತದೆ. ಅದು ಹೇಳದ ಅರ್ಧ ನಡೆದದ್ದು ನ್ಯೂಯಾರ್ಕಿನಲ್ಲಿ.

ಪೋರ್ಚುಗಲ್ ಪುಟ್ಟ ದೇಶವಾದರೂ ನೇಟೊ ಕೂಟದ ಸದಸ್ಯ, ಅಂದರೆ ಅಮೆರಿಕದ ಬಳಗದ್ದು. ಡಿಸೆಂಬರ್ 18ರಂದೇ ಭದ್ರತಾ ಮಂಡಳಿ ಸೇರಿತು. ಭಾರತ ಕೂಡಲೇ ಸೇನೆಯನ್ನು ಹಿಂದಕ್ಕೆ ಕರೆಸಿಕೊಳ್ಳಬೇಕು ಎಂದು ಅಮೆರಿಕ, ಬ್ರಿಟನ್, ಫ್ರಾನ್ಸ್, ಟರ್ಕಿ ಸೇರಿ ನಿರ್ಣಯ ಮಂಡಿಸಿದವು. ಅಮೆರಿಕದ ಪ್ರತಿನಿಧಿ ಅಡ್ಲೈ ಸ್ಟೀವನ್‌ಸನ್ ಗುಡುಗಿದರು. ನಿರ್ಣಯದ ಪರ ಏಳು ಮತ, ವಿರುದ್ಧ ನಾಲ್ಕು. ಆ ನಾಲ್ಕರಲ್ಲಿ ಒಂದು ಸೋವಿಯತ್ ಒಕ್ಕೂಟದ್ದು, ಆ ಒಂದಕ್ಕೆ ವಿಟೊ ಅಧಿಕಾರ. ನಿರ್ಣಯ ಬಿದ್ದಿತು. ಆ ವಾರ ಸೋವಿಯತ್ ನಾಯಕ ಲಿಯೊನಿಡ್ ಬ್ರೆಜ್ನೆವ್ ಭಾರತದಲ್ಲೇ ಪ್ರವಾಸದಲ್ಲಿದ್ದರು.

ಹೀಗಾಗಿ, ಬೆಳಗಾವಿಯಿಂದ ಹೊರಟ ದಂಡು ನಡುದಾರಿಯಲ್ಲಿ ನಿಲ್ಲದೆ ಪಣಜಿ ಮುಟ್ಟಿದ್ದರ ಹಿಂದೆ ಮಾಸ್ಕೋದ ಒಂದು ಕೈ ಇತ್ತು. ಈ ಋಣ 1955ರಷ್ಟು ಹಳೆಯದು. ಆ ವರ್ಷ ಸೋವಿಯತ್ ನಾಯಕರಾದ ಕ್ರುಶ್ಚೇವ್ ಮತ್ತು ಬುಲ್ಗಾನಿನ್ ದೇಶ ಸುತ್ತಿದರು, ಬೆಂಗಳೂರಿಗೂ ಬಂದರು, ಗೋವಾ ಭಾರತದ್ದೇ ಎಂಬ ಧಾಟಿಯಲ್ಲಿ ಮಾತಾಡಿದರು. ಅದನ್ನು ಕೇಳಿದ ಅಮೆರಿಕದ ವಿದೇಶಾಂಗ ಸಚಿವ ಜಾನ್ ಫಾಸ್ಟರ್ ಡಲ್ಲೆಸ್, ಡಿಸೆಂಬರ್ ಮೊದಲ ವಾರದಲ್ಲೇ ಪೋರ್ಚುಗಲ್ ಸಚಿವರ ಜೊತೆ ಜಂಟಿ ಹೇಳಿಕೆ ಕೊಟ್ಟು ಗೋವಾವನ್ನು ಪೋರ್ಚುಗಲ್ಲಿನ 'ಪ್ರಾಂತ'ಗಳ ಸಾಲಿಗೆ ಸೇರಿಸಿಬಿಟ್ಟರು. ಗೋವಾ ಸತ್ಯಾಗ್ರಹಿಗಳು ಪೋರ್ಚುಗೀಸರ ಗುಂಡು ತಿಂದು ಆಗ ನಾಲ್ಕು ತಿಂಗಳೂ ಆಗಿರಲಿಲ್ಲ.

ಹಾಗೆಂದು ಭಾರತ ಮಾಸ್ಕೋದ ಮಡಿಲಿಗೇನೂ ಬೀಳಲಿಲ್ಲ. 1962ರ ಅಕ್ಟೋಬರಿನಲ್ಲಿ ಚೀನಾ ಗಡಿ ದಾಟಿತು. ಅದೇ ವಾರ ಕ್ಯೂಬಾದ ಕ್ಷಿಪಣಿಗಳ ನೆಪದಲ್ಲಿ ಜಗತ್ತು ಅಣುಯುದ್ಧದ ಬಾಗಿಲಿಗೆ ಹೋಗಿ ನಿಂತಿತ್ತು. ಗೋವಾಕ್ಕಾಗಿ ಅಮೆರಿಕದಿಂದ ಬೈಸಿಕೊಂಡ ನೆಹರೂ, ವರ್ಷ ತುಂಬುವುದರೊಳಗೆ ಅಮೆರಿಕದ ಅಧ್ಯಕ್ಷ ಕೆನಡಿಗೆ ಪತ್ರ ಬರೆದು ನೆರವು ಕೇಳಿದರು. ಶಸ್ತ್ರ ಹೊತ್ತ ಅಮೆರಿಕದ ವಿಮಾನಗಳು ಬಂದಿಳಿದವು.

ಊರಿನ ಇಬ್ಬರು ಗೌಡರು ಜಿದ್ದಿಗೆ ಬಿದ್ದರೆ ಊರಿಗೆ ಎರಡು ಬಾವಿ ಆಗುತ್ತವೆ. ನಮ್ಮವರು ಎರಡೂ ಬಾವಿಗೆ ಹಗ್ಗ ಇಳಿಬಿಟ್ಟರು.

ಚೌಕಟ್ಟು: ಕೊರಿಯಾದಲ್ಲಿ ಕೊಡಗು, ಕೊಲ್ಹಾಪುರ

*ಶೀತಲ ಸಮರದ ಮೊದಲ ಬಿಸಿ ಯುದ್ಧ ಕೊರಿಯಾದ್ದು. 1953ರಲ್ಲಿ ಕದನ ನಿಂತಾಗ, ಊರಿಗೆ ಮರಳಲೊಲ್ಲದ ಕೈದಿಗಳನ್ನು ಏನು ಮಾಡುವುದೆಂಬ ಪ್ರಶ್ನೆ ಎದ್ದಿತು. ಅದನ್ನು ಬಗೆಹರಿಸುವ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾದವರು ಮಡಿಕೇರಿಯ ಕೆ.ಎಸ್. ತಿಮ್ಮಯ್ಯ. ಕೈದಿಗಳನ್ನು ಕಾಯುವ ಭಾರತೀಯ ಪಡೆಯ ಮುಖ್ಯಸ್ಥರು ಹುಕ್ಕೇರಿಯ ನೆರೆಸೀಮೆ ಕೊಲ್ಹಾಪುರದ ಮೇಜರ್ ಜನರಲ್ ಎಸ್.ಪಿ.ಪಿ. ಥೋರಾಟ್.*

*ಭಾರತೀಯ ಸೈನಿಕರು ತಮ್ಮ ನೆಲ ತುಳಿಯಕೂಡದೆಂದು ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಹಟ ಹಿಡಿದರು. ಹಡಗಿನಿಂದ ಹೆಲಿಕಾಪ್ಟರಿನಲ್ಲೇ ಅವರನ್ನು ತಟಸ್ಥ ವಲಯಕ್ಕೆ ಒಯ್ಯಬೇಕಾಯಿತು. ಶಿಬಿರಕ್ಕೆ 'ಹಿಂದ್ ನಗರ್' ಎಂದು ಹೆಸರಿಟ್ಟರು. ಒಂದು ಕಡೆಯಿಂದ 22,604, ಇನ್ನೊಂದು ಕಡೆಯಿಂದ 359 ಕೈದಿಗಳು. ಕೈದಿಗಳು ಭಾರತೀಯ ಅಧಿಕಾರಿಯೊಬ್ಬರನ್ನು ಎಳೆದೊಯ್ದಾಗ ಥೋರಾಟ್ ಕೈಯಲ್ಲಿ ಆಯುಧವಿಲ್ಲದೆ ಅವರ ನಡುವೆ ಹೋಗಿ ಬಿಡಿಸಿ ತಂದರು. ಕಡೆಗೆ ಎರಡೂ ಕಡೆ ಬೇಡವೆಂದ 88 ಮಂದಿ ನಮ್ಮ ಪಡೆಯ ಜೊತೆ ಭಾರತಕ್ಕೆ ಬಂದರು.*

ಹೊಟ್ಟೆಗೆ ಬಂದ ಅಮೆರಿಕ

ವಿಟೊ, ನಿರ್ಣಯ, ಜಂಟಿ ಹೇಳಿಕೆ ಇವೆಲ್ಲ ಪೇಪರಿನ ಸುದ್ದಿ. ಹಳ್ಳಿಯ ಮಂದಿಗೆ ಅಮೆರಿಕ ಪರಿಚಯವಾದದ್ದು ಚೀಲದ ಮೂಲಕ.

ಸಾಲಿಯ ಹಿಂದೆ ಮೂರು ಕಲ್ಲಿನ ಒಲೆ, ಅದರ ಮೇಲೆ ದೊಡ್ಡ ಪಾತ್ರೆ, ಅದರೊಳಗೆ ಹಳದಿ ಬಣ್ಣದ ಉಪ್ಪಿಟ್ಟು. ಪಕ್ಕದಲ್ಲಿ ಖಾಲಿ ಚೀಲ. ಅದರ ಮೇಲೆ ಒಂದನ್ನೊಂದು ಹಿಡಿದ ಎರಡು ಕೈಗಳ ಚಿತ್ರ. ಕೇರ್ ಸಂಸ್ಥೆಯ ಉಪ್ಪಿಟ್ಟು ಮತ್ತು ಹಾಲಿನ ಪುಡಿ ಅರವತ್ತು, ಎಪ್ಪತ್ತರ ದಶಕಗಳಲ್ಲಿ ಕನ್ನಡ ಸಾಲಿ ಕಲಿತ ತಲೆಮಾರಿಗೆ ನಾಲಗೆಯ ನೆನಪು. ಚೀಲವನ್ನು ತೊಳೆದು ಚಡ್ಡಿ ಹೊಲಿಸಿಕೊಂಡವರೂ ಉಂಟು. ನಕ್ಷತ್ರ, ಪಟ್ಟೆಗಳ ಧ್ವಜವನ್ನು ಇಷ್ಟು ಸಮೀಪದಿಂದ ಬಳಸಿದವರು ಅಮೆರಿಕದಲ್ಲೂ ಕಡಿಮೆ ಇರಬೇಕು.

ಈ ಧಾರಾಳಕ್ಕೆ ಒಂದು ಕಾನೂನಿನ ನಂಬರಿತ್ತು. 1954ರ ಜುಲೈ 10ರಂದು ಅಧ್ಯಕ್ಷ ಐಸೆನ್‌ಹೋವರ್ ಸಹಿ ಹಾಕಿದ ಪಬ್ಲಿಕ್ ಲಾ 480. ಅಮೆರಿಕದ ಕಣಜಗಳಲ್ಲಿ ಗೋಧಿ ತುಂಬಿ ತುಳುಕುತ್ತಿತ್ತು. ಇಟ್ಟರೆ ಬಾಡಿಗೆ, ಮಾರಿದರೆ ಅಲ್ಲಿನ ರೈತನಿಗೆ ಬೆಲೆ ಕುಸಿತ. ಹಸಿದ ದೇಶಗಳಿಗೆ ಕಳಿಸಿದರೆ ಕಣಜವೂ ಖಾಲಿ, ಕೆಂಪು ಬಾವುಟವೂ ದೂರ. ಭಾರತ 1956ರಲ್ಲಿ ಮೊದಲ ಒಪ್ಪಂದ ಮಾಡಿಕೊಂಡಿತು. 1960ರಲ್ಲಿ ಐಸೆನ್‌ಹೋವರ್ ಜೊತೆ ಆಹಾರ ಸಚಿವ ಎಸ್.ಕೆ. ಪಾಟೀಲ ಸಹಿ ಮಾಡಿದ ಒಪ್ಪಂದದ ಪ್ರಮಾಣ 1 ಕೋಟಿ 70 ಲಕ್ಷ ಟನ್.

ಇದು ಪೂರ್ತಿ ದಾನವಾಗಿರಲಿಲ್ಲ ಎಂಬುದನ್ನು ನೆನಪಿಡಬೇಕು. ನಾವು ಗೋಧಿಗೆ ದುಡ್ಡು ಕೊಟ್ಟೆವು, ಡಾಲರಿನಲ್ಲಲ್ಲ, ರೂಪಾಯಿಯಲ್ಲಿ. ಆ ರೂಪಾಯಿ ದೇಶ ಬಿಟ್ಟು ಹೋಗದೆ ಅಮೆರಿಕದ ಹೆಸರಿನಲ್ಲಿ ಇಲ್ಲೇ ಖಾತೆಯಲ್ಲಿ ಬೆಳೆಯುತ್ತಾ ಹೋಯಿತು. ಈ ಖಾತೆ ನಮ್ಮ ಕಥೆಗೆ ಮುಖ್ಯ. ಹುಕ್ಕೇರಿಯ ಕಂಬಗಳು ಹುಟ್ಟುವುದು ಅದರಿಂದಲೇ.

1965, 1966. ಮೇಲಿಂದ ಮೇಲೆ ಎರಡು ಬರಗಾಲ. 1966ರಲ್ಲಿ ಹೊರಗಿನಿಂದ ತರಿಸಿದ ಧಾನ್ಯ ಸುಮಾರು 1 ಕೋಟಿ ಟನ್. ಗೋಧಿಯ ಜೊತೆ ಮೈಲೋ ಎಂಬ ಕೆಂಪು ಜೋಳವೂ ಬಂತು. ಅಮೆರಿಕದಲ್ಲಿ ಅದು ಹೆಚ್ಚಾಗಿ ದನದ ಮೇವು. ಬಿಳಿಜೋಳದ ರೊಟ್ಟಿಯನ್ನು ಬೆಳ್ಳಗೆ, ತೆಳ್ಳಗೆ ಬಡಿಯುವುದರಲ್ಲೇ ಮರ್ಯಾದೆ ಕಾಣುವ ಸೀಮೆಗೆ ಆ ಕೆಂಪು ಹಿಟ್ಟು ಹಸಿವಿಗಿಂತ ದೊಡ್ಡ ಅವಮಾನ ಅನ್ನಿಸಿದ್ದರೆ ಅಚ್ಚರಿಯಿಲ್ಲ.

ಅವಮಾನ ಅಡುಗೆಮನೆಗೆ ಮುಗಿಯಲಿಲ್ಲ. ವಿಯೆಟ್ನಾಮಿನ ಮೇಲೆ ಬಾಂಬು ಹಾಕುವುದನ್ನು ಭಾರತ ಟೀಕಿಸಿತ್ತು. 1966ರ ಜುಲೈನಲ್ಲಿ ಇಂದಿರಾ ಗಾಂಧಿ ಮಾಸ್ಕೋದಲ್ಲಿ ನಿಂತು ಜಂಟಿ ಹೇಳಿಕೆಯಲ್ಲೂ ಅದನ್ನೇ ಹೇಳಿದರು. ಅಧ್ಯಕ್ಷ ಲಿಂಡನ್ ಜಾನ್ಸನ್ ಸಿಟ್ಟಾದರು. ಅವರು ಗೋಧಿ ನಿಲ್ಲಿಸಲಿಲ್ಲ, ಹಗ್ಗ ಗಿಡ್ಡ ಮಾಡಿದರು: ಒಂದು ತಿಂಗಳಿಗೆ ಬೇಕಾದಷ್ಟು, ಎರಡು ತಿಂಗಳಿಗೆ ಬೇಕಾದಷ್ಟು, ಅಷ್ಟೇ. ಯಾವ ಹಡಗು ಯಾವಾಗ ಹೊರಡಬೇಕೆಂದು ಅಧ್ಯಕ್ಷರೇ ಕೂತು ನೋಡಿಕೊಂಡರು.

ಈ ಗಿಡ್ಡ ಹಗ್ಗವೇ ದೇಶದ ಕೃಷಿಯ ದಿಕ್ಕು ಬದಲಿಸಿತೆಂದರೆ ತಪ್ಪಾಗದು. ಕೃಷಿ ಸಚಿವ ಸಿ. ಸುಬ್ರಮಣ್ಯಂ ಹೊಸ ಬೀಜ, ಗೊಬ್ಬರ, ನೀರು ಎಂದು ಪಟ್ಟು ಹಿಡಿದರು. ಹೈಬ್ರಿಡ್ ಬೀಜಕ್ಕೆ ಹೊತ್ತಿಗೆ ಸರಿಯಾಗಿ ನೀರು ಬೇಕು. ಮಳೆಯನ್ನು ನಂಬುವ ಹಾಗಿಲ್ಲ, ಕಾಲುವೆ ಎಲ್ಲರ ಹೊಲಕ್ಕೂ ಬರುವುದಿಲ್ಲ. ಉಳಿದದ್ದು ಬಾವಿ. ಎತ್ತು ಕಟ್ಟಿ ಎತ್ತುವ ನೀರು ಈ ಬೀಜದ ದಾಹಕ್ಕೆ ಸಾಲದು. ಪಂಪ್‌ಸೆಟ್ ಬೇಕು, ಪಂಪ್‌ಸೆಟ್ಟಿಗೆ ಕರೆಂಟು ಬೇಕು. ಅಲ್ಲಿಯವರೆಗೆ ಹಳ್ಳಿಗೆ ಕರೆಂಟೆಂದರೆ ಚಾವಡಿಯ ಮುಂದೆ ಒಂದು ದೀಪ ಎಂಬ ಲೆಕ್ಕವಿತ್ತು. ಬರದ ನಂತರ ಲೆಕ್ಕ ಬಾವಿಯ ದಂಡೆಗೆ ಬಂತು.

ಚೌಕಟ್ಟು: ಅತಿ ದೊಡ್ಡ ಚೆಕ್ಕು

*ಪಿ.ಎಲ್. 480ರ ರೂಪಾಯಿ ಬೆಳೆಬೆಳೆದು, ಭಾರತದ ನೋಟಿನ ದೊಡ್ಡ ಪಾಲಿಗೆ ಅಮೆರಿಕವೇ ಒಡೆಯ ಎಂಬ ಗಾಬರಿ ಹುಟ್ಟಿಸಿತು. 1974ರ ಫೆಬ್ರುವರಿ 18ರಂದು ರಾಯಭಾರಿ ಡೇನಿಯಲ್ ಪ್ಯಾಟ್ರಿಕ್ ಮೊಯ್ನಿಹಾನ್ ದೆಹಲಿಯಲ್ಲಿ ಭಾರತ ಸರ್ಕಾರಕ್ಕೆ ಒಂದು ಚೆಕ್ ಬರೆದುಕೊಟ್ಟು ಲೆಕ್ಕ ಹಗುರ ಮಾಡಿದರು. ಮೊತ್ತ 1,664 ಕೋಟಿ ರೂಪಾಯಿ. ಜಗತ್ತಿನಲ್ಲೇ ಅತಿ ದೊಡ್ಡ ಚೆಕ್ ಎಂದು ಅದು ಗಿನ್ನೆಸ್ ದಾಖಲೆ ಸೇರಿತು.*

ಬೈಗುಳಕ್ಕೆ ಬೇರೆ ವಿಳಾಸ

ಇಂದಿಗೂ ಮಳೆಗಾಳಿಗೆ ಲೈಟ್ ಹೋದರೆ ಗೋಕಾಕ, ಮೂಡಲಗಿಯವರು ಹೆಸ್ಕಾಂಗೆ ಬೈಯುತ್ತಾರೆ. ಹುಕ್ಕೇರಿಯವರ ಬೈಗುಳಕ್ಕೆ ವಿಳಾಸವೇ ಬೇರೆ: ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ. ಇಡೀ ರಾಜ್ಯದಲ್ಲಿ ಜನರಿಗೆ ಕರೆಂಟು ಹಂಚುವ ಪರವಾನಗಿ ಇರುವ ಏಕೈಕ ಸಹಕಾರ ಸಂಘ ಇದು. ಬೆಸ್ಕಾಂ, ಮೆಸ್ಕಾಂಗಳ ದರ ನಿಗದಿ ಮಾಡುವ ರಾಜ್ಯ ವಿದ್ಯುತ್ ನಿಯಂತ್ರಣ ಆಯೋಗ ಈ ಒಂದು ತಾಲ್ಲೂಕಿನ ಸಂಘಕ್ಕೂ ಪ್ರತ್ಯೇಕ ಆದೇಶ ಹೊರಡಿಸುತ್ತದೆ.

ಇಂಥದೊಂದು ಏರ್ಪಾಡು ಹುಕ್ಕೇರಿಗೆ ಹೇಗೆ ಬಂತು? ಉತ್ತರಕ್ಕಾಗಿ ಅಮೆರಿಕದ ಹಳ್ಳಿಗೆ ಹೋಗಬೇಕು.

ಮೂವತ್ತರ ದಶಕದ ಅಮೆರಿಕದಲ್ಲಿ ಪಟ್ಟಣಗಳು ಝಗಮಗಿಸುತ್ತಿದ್ದರೂ ಹತ್ತರಲ್ಲಿ ಒಂಬತ್ತು ತೋಟದ ಮನೆಗಳಲ್ಲಿ ಕಂದೀಲೇ. ದೂರದ ಮನೆಗೆ ತಂತಿ ಎಳೆದರೆ ಲಾಭವಿಲ್ಲವೆಂದು ಖಾಸಗಿ ಕಂಪನಿಗಳು ಮುಖ ತಿರುಗಿಸಿದ್ದವು. 1935ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಗ್ರಾಮೀಣ ವಿದ್ಯುದೀಕರಣ ಆಡಳಿತ ಸ್ಥಾಪಿಸಿದರು. ಸರ್ಕಾರ ಸಾಲ ಕೊಡುವುದು, ರೈತರು ಸಂಘ ಕಟ್ಟಿಕೊಂಡು ತಾವೇ ಕಂಬ ನೆಡುವುದು. ಇದು ಗೆದ್ದಿತು. ಆ ಸಂಘಗಳೆಲ್ಲ ಸೇರಿ 1942ರಲ್ಲಿ ರಾಷ್ಟ್ರೀಯ ಒಕ್ಕೂಟ ಮಾಡಿಕೊಂಡವು. 1962ರ ನವೆಂಬರಿನಲ್ಲಿ ಕೆನಡಿಯವರ ಸಮ್ಮುಖದಲ್ಲಿ ಆ ಒಕ್ಕೂಟವೂ ನೆರವಿನ ಸಂಸ್ಥೆ ಯುಎಸ್‌ಏಡ್ ಕೂಡ ಒಪ್ಪಂದ ಮಾಡಿಕೊಂಡವು: ಈ ಮಾದರಿಯನ್ನು ಬಡ ದೇಶಗಳಿಗೆ ಒಯ್ಯಬೇಕು. ಕ್ಯೂಬಾ ಬಿಕ್ಕಟ್ಟು ತಣ್ಣಗಾಗಿ ಆಗಿನ್ನೂ ಕೆಲವೇ ದಿನ. ಹಳ್ಳಿಯ ಕತ್ತಲಲ್ಲಿ ಕ್ರಾಂತಿ ಮೊಳೆಯುತ್ತದೆಂಬ ಭಯ ವಾಷಿಂಗ್ಟನ್ನಿಗೆ ಇದ್ದೇ ಇತ್ತು.

ಭಾರತದಲ್ಲಿ ಪ್ರಯೋಗಕ್ಕೆ ಆಯ್ಕೆಯಾದವು ಐದು ಜಾಗ. ಆಂಧ್ರದ ಸಿರಿಸಿಲ್ಲ, ಗುಜರಾತಿನ ಕೊಡಿನಾರ, ಮಹಾರಾಷ್ಟ್ರದ ಮುಳಾ–ಪ್ರವರಾ, ಉತ್ತರ ಪ್ರದೇಶದ ಲಖನೌ ಮತ್ತು ಆಗಿನ ಮೈಸೂರು ರಾಜ್ಯದ ಹುಕ್ಕೇರಿ. ಅಮೆರಿಕದ ಒಕ್ಕೂಟದ ತಜ್ಞರು ಸಲಹೆಗೆ ನಿಂತರು. ಸಾಲ ಕೊಡಲು ದೆಹಲಿಯಲ್ಲಿ ಗ್ರಾಮೀಣ ವಿದ್ಯುದೀಕರಣ ನಿಗಮ ಹುಟ್ಟಿತು. ಅದರ ಆರಂಭದ ಬಂಡವಾಳದ ದೊಡ್ಡ ಪಾಲು ಎಲ್ಲಿಂದ ಬಂತೆಂದು ಊಹಿಸಬಹುದು: ಪಿ.ಎಲ್. 480ರ ಅದೇ ರೂಪಾಯಿ ಖಾತೆ. ನಮ್ಮ ಮಂದಿ ತಿಂದ ಗೋಧಿಗೆ ನಮ್ಮ ಸರ್ಕಾರ ಕೊಟ್ಟ ದುಡ್ಡು ಅಮೆರಿಕದ ಕೈ ಮುಟ್ಟಿ ನಮಗೇ ಸಾಲವಾಗಿ ಮರಳಿತು.

ನಿಗಮ ನೋಂದಣಿಯಾದದ್ದು 1969ರ ಜುಲೈ 25ರಂದು. ಅದಕ್ಕೆ ನಾಲ್ಕು ದಿನ ಮೊದಲು, ನಮ್ಮ ಗಡಿಯಾರದ ಪ್ರಕಾರ 21ರ ನಸುಕಿನಲ್ಲಿ, ಅಪೊಲೊ 11 ಚಂದ್ರನ ಮೇಲೆ ಇಳಿದಿತ್ತು. ಹುಕ್ಕೇರಿ ಸಂಘವೂ ಅದೇ ವರ್ಷದ ಕೂಸು. ರಷ್ಯವನ್ನು ಹಿಂದಿಕ್ಕಲು ಚಂದ್ರನಿಗೆ ಹಾರಿದ ದೇಶವೇ ಇತ್ತ ಕಂಬ ನೆಡುವುದಕ್ಕೂ ಕೈ ಹಾಕಿತ್ತು.

ಆದರೆ ಅಮೆರಿಕ ಬಂದು ಹುಕ್ಕೇರಿಗೆ ಬೆಳಕು ಕೊಟ್ಟಿತು ಎಂದು ಬರೆದರೆ ಅರ್ಧ ಸುಳ್ಳಾಗುತ್ತದೆ. ಸಹಕಾರದ ಗುಣ ಈ ಮಣ್ಣಿನಲ್ಲಿ ಮೊದಲೇ ಇತ್ತು. ಸಂಕೇಶ್ವರದಲ್ಲಿ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆ ಕಟ್ಟಿದ ಅಪ್ಪಣಗೌಡ ಪಾಟೀಲರನ್ನೇ ವಿದ್ಯುತ್ ಸಂಘವೂ ಸಂಸ್ಥಾಪಕರೆಂದು ನೆನೆಯುತ್ತದೆ. ಶೇರು ಹಾಕುವುದು, ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಕೂಗಾಡುವುದು, ಆಡಳಿತ ಮಂಡಳಿಗೆ ಚುನಾವಣೆ ಇವೆಲ್ಲ ಕಬ್ಬು ಬೆಳೆಯುವ ರೈತನಿಗೆ ಗೊತ್ತಿದ್ದ ವಿದ್ಯೆ. ತಜ್ಞರು ನಕ್ಷೆ ತಂದರು, ಮಂದಿ ಸಂಘ ತಂದರು.

ಇನ್ನೊಂದು ಮಾತನ್ನೂ ಇಲ್ಲೇ ಹೇಳಬೇಕು. ಹುಕ್ಕೇರಿಯ ಪಕ್ಕದ ಗೋಕಾಕ ಫಾಲ್ಸ್‌ನಲ್ಲಿ ನೀರಿನ ಬಲದಿಂದ ನೂಲಿನ ಗಿರಣಿ ಓಡತೊಡಗಿ ಆಗಲೇ ಎಂಬತ್ತು ವರ್ಷ ಕಳೆದಿತ್ತು. 1887ರಲ್ಲೇ ಫೋರ್ಬ್ಸ್ ಕಂಪನಿಯವರು ಘಟಪ್ರಭೆಯ ಧುಮುಕನ್ನು ಯಂತ್ರಕ್ಕೆ ಕಟ್ಟಿದ್ದರು. ಆ ಶಕ್ತಿ ಗಿರಣಿಯ ಗೇಟು ದಾಟಿ ಹಳ್ಳಿಗೆ ಬರಲು ಯಾರೂ ಅವಸರ ಮಾಡಿರಲಿಲ್ಲ. ಲಾಭವಿಲ್ಲದ ಕಡೆ ತಂತಿ ಹೋಗದೆಂಬ ಪಾಠ ಕಲಿಯಲು ನಾವು ಅಮೆರಿಕಕ್ಕೆ ಹೋಗಬೇಕಿರಲಿಲ್ಲ.

ಚೌಕಟ್ಟು: ಯಾರ ದೀಪ?

*ಕರೆಂಟನ್ನು ರಾಜಕೀಯ ಮಾಡಿದವರಲ್ಲಿ ರಷ್ಯನ್ನರೇ ಮೊದಲಿಗರು. 1920ರ ಡಿಸೆಂಬರಿನಲ್ಲಿ ಲೆನಿನ್ ಮುಂದಿಟ್ಟ ಗೊಯೆಲ್ರೊ ಯೋಜನೆಗೆ ಇಡೀ ದೇಶವನ್ನು ವಿದ್ಯುದೀಕರಿಸುವ ಗುರಿ. ರಷ್ಯದ ಹಳ್ಳಿಗರು ಬಲ್ಬನ್ನು 'ಇಲಿಚನ ದೀಪ' ಎಂದೇ ಕರೆದರು. ಇಲಿಚ್ ಎಂದರೆ ಲೆನಿನ್. ತಮಾಷೆಯೆಂದರೆ, ಸ್ಟಾಲಿನ್ ಕಾಲದ ಹೆಮ್ಮೆಯಾದ ನೀಪರ್ ಅಣೆಕಟ್ಟಿಗೆ ಸಲಹೆಗಾರರಾಗಿದ್ದವರು ಅಮೆರಿಕದ ಎಂಜಿನಿಯರ್ ಹ್ಯೂ ಕೂಪರ್.*

*ಬೆಂಗಳೂರಿನ ಹೆಬ್ಬಾಳದಲ್ಲಿ 1964ರಲ್ಲಿ ಆರಂಭವಾದ ಕೃಷಿ ವಿಶ್ವವಿದ್ಯಾಲಯಕ್ಕೆ ಕೈಜೋಡಿಸಿದ್ದು ಟೆನೆಸಿ ವಿಶ್ವವಿದ್ಯಾಲಯ. ರೂಸ್‌ವೆಲ್ಟರ ಅಣೆಕಟ್ಟುಗಳಿಂದ ಕರೆಂಟು ಕಂಡ ನಾಡು ಆ ಟೆನೆಸಿ.*

ಮಲಾಮರಡಿಯಿಂದ ಮಾಸ್ಕೋ ಕಡೆಗೆ

ಹುಕ್ಕೇರಿಯಲ್ಲಿ ವಿದ್ಯುತ್ ಸಂಘ ಹುಟ್ಟುವ ಹಿಂದಿನ ವರ್ಷ, 1968ರಲ್ಲಿ, ಗೋಕಾಕ ತಾಲ್ಲೂಕಿನ ಲೇಖಕರೊಬ್ಬರಿಗೆ ಸೋವಿಯತ್ ಲ್ಯಾಂಡ್ ನೆಹರೂ ಪ್ರಶಸ್ತಿ ಬಂತು. ಕಾದಂಬರಿ 'ಜ್ವಾಲಾಮುಖಿಯ ಮೇಲೆ'. ಲೇಖಕ ಬಸವರಾಜ ಕಟ್ಟೀಮನಿ.

1919ರ ಅಕ್ಟೋಬರ್ 5ರಂದು ಮಲಾಮರಡಿಯಲ್ಲಿ ಹುಟ್ಟಿದ ಕಟ್ಟೀಮನಿ, 1942ರ ಚಳವಳಿಯಲ್ಲಿ ಜೈಲು ಕಂಡವರು. ಪತ್ರಿಕೆಗಳಲ್ಲಿ ದುಡಿದವರು. ಅನಕೃ, ತರಾಸು, ನಿರಂಜನರ ಜೊತೆ ಪ್ರಗತಿಶೀಲ ಚಳವಳಿಗೆ ಉತ್ತರ ಕರ್ನಾಟಕದ ದನಿ ಕೊಟ್ಟವರು. 'ಮಾಡಿ ಮಡಿದವರು' ಬರೆದು ಸ್ವಾತಂತ್ರ್ಯ ಹೋರಾಟದ ಹಳ್ಳಿಯ ಮುಖ ತೋರಿಸಿದರು. 'ಜರತಾರಿ ಜಗದ್ಗುರು' ಬರೆದು ಮಠಗಳ ಕಣ್ಣು ಕೆಂಪಾಗಿಸಿದರು. ಸಿಟ್ಟು ಅವರ ಬರವಣಿಗೆಯ ಇಂಧನ. ಸೊಗಸಿನ ಕಡೆಗೆ ಅವರು ಹೆಚ್ಚು ಗಮನ ಕೊಡಲಿಲ್ಲವೆಂಬ ವಿಮರ್ಶಕರ ದೂರಿನಲ್ಲಿ ನಿಜವಿದೆ. ಆದರೆ ಹಳ್ಳಿಯ ಲೈಬ್ರರಿಗಳಲ್ಲಿ ಅವರ ಪುಸ್ತಕದ ರಟ್ಟು ಹರಿಯುವಷ್ಟು ಓದಿದ ಮಂದಿಗೆ ಆ ದೂರು ಇರಲಿಲ್ಲ.

ಪ್ರಶಸ್ತಿ ಕೊಟ್ಟದ್ದು ಸೋವಿಯತ್ ರಾಯಭಾರ ಹೊರತರುತ್ತಿದ್ದ 'ಸೋವಿಯತ್ ಲ್ಯಾಂಡ್' ಪತ್ರಿಕೆ. ನೆಹರೂ ತೀರಿಹೋದ ಮೇಲೆ ಅವರ ಹೆಸರಿನಲ್ಲಿ ಆರಂಭವಾದ ಈ ಪ್ರಶಸ್ತಿಯ ಜೊತೆ ಹಲವರಿಗೆ ಸೋವಿಯತ್ ಪ್ರವಾಸದ ಅವಕಾಶವೂ ಇತ್ತು. ಪತ್ರಿಕೆಗೆ ಕನ್ನಡ ಆವೃತ್ತಿಯೂ ಉಂಟು. ಟ್ರ್ಯಾಕ್ಟರ್ ಮೇಲೆ ನಗುವ ಹೆಂಗಸರು, ಬ್ಯಾಲೆ ಕುಣಿಯುವ ಹುಡುಗಿಯರು, ಗಗನಯಾತ್ರಿಗಳು. ಹೊಳೆಯುವ ಆ ದಪ್ಪ ಕಾಗದ ಓದಲು ಎಷ್ಟು ಬಳಕೆಯಾಯಿತೋ, ಸಾಲಿ ಪುಸ್ತಕಕ್ಕೆ ರಟ್ಟು ಹಾಕಲಂತೂ ಬಹಳ ಬಳಕೆಯಾಯಿತು. ಹೊಟ್ಟೆಯಲ್ಲಿ ಅಮೆರಿಕದ ಉಪ್ಪಿಟ್ಟು, ಪಾಟಿಚೀಲದಲ್ಲಿ ರಷ್ಯದ ರಟ್ಟು. ತಟಸ್ಥ ನೀತಿಯ ಬಗ್ಗೆ ಇದಕ್ಕಿಂತ ಚೆನ್ನಾದ ವಿವರಣೆ ವಿದೇಶಾಂಗ ಖಾತೆಯೂ ಕೊಟ್ಟಿರಲಾರದು.

ಪುಸ್ತಕಗಳ ಕಥೆ ಇನ್ನೂ ದೊಡ್ಡದು. ಮಾಸ್ಕೋದ ಪ್ರಗತಿ ಪ್ರಕಾಶನ ಕನ್ನಡದಲ್ಲೇ ಅಚ್ಚು ಹಾಕಿ ಹಡಗು ಹತ್ತಿಸುತ್ತಿತ್ತು. 1960ರಲ್ಲಿ ಆರಂಭವಾದ ನವಕರ್ನಾಟಕ ಪ್ರಕಾಶನದ ಮಳಿಗೆಗಳಲ್ಲಿ ಅವು ಚಹಾದ ದುಡ್ಡಿಗೆ ಸಿಗುತ್ತಿದ್ದವು. ಗಟ್ಟಿ ರಟ್ಟು, ಬಣ್ಣದ ಚಿತ್ರ. ಗಾರ್ಕಿ, ಟಾಲ್‌ಸ್ಟಾಯ್ ಎಂಬ ಹೆಸರುಗಳು ಉತ್ತರ ಕರ್ನಾಟಕದ ಹೈಸ್ಕೂಲು ಮಾಸ್ತರರ ಬಾಯಲ್ಲಿ ಬೀಗರ ಹೆಸರಿನಷ್ಟು ಸಲೀಸಾಗಿದ್ದು ಈ ಅಗ್ಗದ ಬೆಲೆಯಿಂದ.

ಅಮೆರಿಕವೂ ಸಾಹಿತ್ಯಕ್ಕೆ ಹಣ ಸುರಿಯಿತು, ಕದ್ದು. ಮುಂಬೈಯಿಂದ ಬರುತ್ತಿದ್ದ 'ಕ್ವೆಸ್ಟ್' ಎಂಬ ಒಳ್ಳೆಯ ಇಂಗ್ಲಿಷ್ ಪತ್ರಿಕೆಯ ಹಿಂದಿದ್ದ ಸಾಂಸ್ಕೃತಿಕ ಸ್ವಾತಂತ್ರ್ಯ ಸಂಘಟನೆಗೆ ಸಿಐಎ ದುಡ್ಡು ಹರಿಯುತ್ತಿದ್ದದ್ದು 1966–67ರಲ್ಲಿ ಬಯಲಾಯಿತು. ಮಾಸ್ಕೋ ವೇದಿಕೆ ಕಟ್ಟಿ ಹಾರ ಹಾಕಿ ಕೊಟ್ಟಿತು, ವಾಷಿಂಗ್ಟನ್ ಹಿತ್ತಲ ಬಾಗಿಲಿನಿಂದ ಕೊಟ್ಟಿತು. ಬರೆಯುವವರು ಎರಡೂ ಕಡೆ ಪ್ರಾಮಾಣಿಕರೇ ಇದ್ದರೆಂಬುದು ಬೇರೆ ಮಾತು.

ಕಟ್ಟೀಮನಿಯವರ ಪ್ರಶಸ್ತಿಯ ವರ್ಷಕ್ಕೆ ಒಂದು ಮುಜುಗರವೂ ಅಂಟಿದೆ. 1968ರ ಆಗಸ್ಟಿನಲ್ಲಿ ಸೋವಿಯತ್ ಟ್ಯಾಂಕುಗಳು ಚೆಕೊಸ್ಲೊವಾಕಿಯಾದ ಪ್ರಾಗ್‌ಗೆ ನುಗ್ಗಿದವು. ಸುಧಾರಣೆ ಬೇಕೆಂದ ಕಮ್ಯುನಿಸ್ಟರನ್ನೇ ಕಮ್ಯುನಿಸ್ಟರು ಅಡಗಿಸಿದರು. ಭದ್ರತಾ ಮಂಡಳಿಯಲ್ಲಿ ಭಾರತ ಮತ ಹಾಕದೆ ತಪ್ಪಿಸಿಕೊಂಡಿತು. ಬೇಸತ್ತ ಸಚಿವ ಅಶೋಕ ಮೆಹ್ತಾ ಸಂಪುಟ ಬಿಟ್ಟರು. ಗೋವಾದ ವಿಟೊಗೆ ಬಡ್ಡಿ ಕಟ್ಟುವುದು ಹೀಗೆ. ದುಡಿಯುವವರ ಪರ ನಿಂತ ಕನ್ನಡದ ಲೇಖಕರಲ್ಲಿ ಎಷ್ಟು ಜನ ಆ ಟ್ಯಾಂಕುಗಳ ಬಗ್ಗೆ ಗಟ್ಟಿಯಾಗಿ ಬರೆದರೆಂದು ಕೇಳುವ ಹಕ್ಕು ಓದುಗನಿಗಿದೆ. ವಿಯೆಟ್ನಾಮಿನ ಬಗ್ಗೆ ಬರೆದಷ್ಟಂತೂ ಇಲ್ಲ.

ಹೊಲದಲ್ಲಿ ನೇಟೊ, ವಾರ್ಸಾ

ಟ್ರ್ಯಾಕ್ಟರುಗಳ ಪಟ್ಟಿ ನೋಡಿದರೆ ಆ ಕಾಲದ ಜಗತ್ತಿನ ನಕ್ಷೆಯೇ ಕಾಣುತ್ತದೆ: ಒಂದು ಕಡೆ ಅಮೆರಿಕದ ನೇಟೊ ಕೂಟ, ಇನ್ನೊಂದು ಕಡೆ ಸೋವಿಯತ್ ಬಳಗದ ವಾರ್ಸಾ ಕೂಟ. ಮಹೀಂದ್ರದವರು ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಜೊತೆ ಸೇರಿ ಬಿ–275 ತಂದರು. ಎಸ್ಕಾರ್ಟ್ಸ್ ಪೋಲೆಂಡಿನ ಉರ್ಸುಸ್ ಕೈ ಹಿಡಿಯಿತು, ಆಮೇಲೆ ಫೋರ್ಡ್ ಕಡೆ ತಿರುಗಿತು. ಸರ್ಕಾರಿ ಎಚ್‌ಎಂಟಿ 1971ರಲ್ಲಿ ಚೆಕೊಸ್ಲೊವಾಕಿಯಾದ ಜೆಟರ್ ತಂತ್ರಜ್ಞಾನದಿಂದ ಟ್ರ್ಯಾಕ್ಟರ್ ಮಾಡಿತು. ಸೋವಿಯತ್ ಒಕ್ಕೂಟದಿಂದ ಬೆಲಾರಸ್ ಬಂತು. ಕಬ್ಬಿನ ಗಾಡಿ ಎಳೆಯುವಾಗ ಇವು ಯಾವ ಕೂಟದ ಮಕ್ಕಳೆಂದು ರೈತ ಕೇಳಲಿಲ್ಲ. ಸ್ಪೇರ್ ಪಾರ್ಟ್ ಎಲ್ಲಿ ಸಿಗುತ್ತದೆಂದು ಕೇಳಿದ.

ಕರೆಯದೆ ಬಂದ ಅತಿಥಿಯೂ ಒಂದಿದೆ. ಐವತ್ತರ ದಶಕದ ನಡುವಿನಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದ ಪಾರ್ಥೇನಿಯಂ ಅಲ್ಲಿಂದ ರಸ್ತೆ, ರೈಲುಹಳಿ, ಕಾಲುವೆ ಹಿಡಿದು ಇಳಿಯಿತು. ಇಂದು ಘಟಪ್ರಭಾ ಎಡದಂಡೆ ಕಾಲುವೆಯ ಬದಿಯಲ್ಲಿ, ಮೂಡಲಗಿ ಕಡೆಯ ಬೀಳು ಹೊಲಗಳಲ್ಲಿ ಮಳೆ ಬಿದ್ದ ವಾರಕ್ಕೇ ಅದು ತಲೆ ಎತ್ತುತ್ತದೆ. ಕಾಂಗ್ರೆಸ್ ಕಸ ಎಂದರೆ ಎಲ್ಲರಿಗೂ ಗೊತ್ತು. ಪಿ.ಎಲ್. 480ರ ಗೋಧಿಯ ಜೊತೆ ಬಂತೆಂಬುದು ಜನಜನಿತ ಮಾತು. ಸಸ್ಯಶಾಸ್ತ್ರಜ್ಞರು ಪೂರ್ತಿ ಒಪ್ಪುವುದಿಲ್ಲ. ಹತ್ತೊಂಬತ್ತನೇ ಶತಮಾನದ ಒಣಗಿಸಿಟ್ಟ ಮಾದರಿಗಳು ಭಾರತದಲ್ಲೇ ಸಿಕ್ಕಿವೆ. ಆದರೂ ಅದು ಹೀಗೆ ಹಬ್ಬಿದ್ದು ಗೋಧಿಯ ಹಡಗುಗಳು ಬಂದ ಕಾಲದಲ್ಲಿ ಎಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಅದನ್ನು ತಿನ್ನಲೆಂದು ಮೆಕ್ಸಿಕೋದಿಂದ ತರಿಸಿದ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ದುಂಬಿ ತಿನ್ನುತ್ತಿದೆ. ಕಸ ಬೆಳೆಯುತ್ತಲೇ ಇದೆ.

ಕೊಟ್ಟವರು ಹೋದ ಮೇಲೆ

ಕಟ್ಟೀಮನಿ 1980ರಲ್ಲಿ ಬೆಳಗಾವಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. 1989ರ ಅಕ್ಟೋಬರ್ 23ರಂದು ತೀರಿಕೊಂಡರು. ಹದಿನೇಳನೆಯ ದಿನ, ನವೆಂಬರ್ 9ರ ರಾತ್ರಿ, ಬರ್ಲಿನ್ ಗೋಡೆ ಬಿರುಕು ಬಿಟ್ಟಿತು. 1991ರ ಡಿಸೆಂಬರಿನಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಪ್ರಶಸ್ತಿ ನಿಂತಿತು, ಪತ್ರಿಕೆ ನಿಂತಿತು, ಮಾಸ್ಕೋದ ಕನ್ನಡ ಪುಸ್ತಕಗಳು ಹಳೆ ಪುಸ್ತಕದ ಅಂಗಡಿ ಸೇರಿದವು.

ಗೆದ್ದ ಅಮೆರಿಕದ ಕಥೆ ಮುಗಿಯಲು ಇನ್ನೂ ಮೂರು ದಶಕ ಹಿಡಿಯಿತು. ಡೊನಾಲ್ಡ್ ಟ್ರಂಪ್ ಎರಡನೇ ಬಾರಿ ಅಧ್ಯಕ್ಷರಾದ ಮೇಲೆ ಯುಎಸ್‌ಏಡ್ ಮೇಲೆ ಕೊಡಲಿ ಬಿತ್ತು. ಕೈಕೈ ಹಿಡಿದ ಚಿತ್ರವನ್ನು ನಮ್ಮ ಸಾಲಿಗಳಿಗೆ ತಂದ ಆ ಸಂಸ್ಥೆ 2025ರ ಜುಲೈ 1ರಂದು ಅಧಿಕೃತವಾಗಿ ಬಾಗಿಲು ಮುಚ್ಚಿತು.

ಐದು ಪ್ರಯೋಗ ಸಂಘಗಳಲ್ಲಿ ಮುಳಾ–ಪ್ರವರಾದ ಪರವಾನಗಿ 2011ರಲ್ಲಿ ಹೋಯಿತು. ಹುಕ್ಕೇರಿ ಉಳಿದಿದೆ. ಕರೆಂಟನ್ನು ಸಗಟಾಗಿ ಕೊಂಡು ತಾಲ್ಲೂಕಿಗೆ ಹಂಚುತ್ತದೆ, ದರ ಏರಿಸಲು ಆಯೋಗದ ಮುಂದೆ ಅರ್ಜಿ ಹಿಡಿದು ನಿಲ್ಲುತ್ತದೆ. ನೀರಾವರಿ ಪಂಪ್‌ಸೆಟ್ಟುಗಳ ಉಚಿತ ಕರೆಂಟಿಗೆ ಸರ್ಕಾರದ ಸಹಾಯಧನವನ್ನೇ ನಂಬಬೇಕಾದ ಸ್ಥಿತಿ ಅದಕ್ಕೂ ತಪ್ಪಿದ್ದಲ್ಲ.

ಯುಎಸ್‌ಏಡ್ ಮುಚ್ಚಿದ ಅದೇ 2025ರಲ್ಲಿ ಸಂಘದ ಆಡಳಿತ ಮಂಡಳಿಗೆ ಚುನಾವಣೆ ನಡೆಯಿತು. ಜಾರಕಿಹೊಳಿ, ಕತ್ತಿ, ಜೊಲ್ಲೆ ಎಂದು ಜಿಲ್ಲೆಯ ದೊಡ್ಡ ಮನೆತನಗಳೆಲ್ಲ ಅಂಗಳಕ್ಕಿಳಿದವು. ಪಕ್ಷದ ಗಡಿಗಳು ಕಲಸಿಹೋದವು, ಎರಡು ಪ್ಯಾನೆಲ್ಲುಗಳ ನಡುವೆ ತಾಲ್ಲೂಕು ಎರಡಾಗಿ ನಿಂತಿತು. ಒಂದು ತಾಲ್ಲೂಕಿನ ಕರೆಂಟಿನ ಸಂಘಕ್ಕೆ ಇಷ್ಟು ಜಿದ್ದಾಜಿದ್ದಿ ಏಕೆಂದು ಬೆಂಗಳೂರಿನ ಟಿವಿಯವರು ಕೇಳಿದರು. ಕರೆಂಟು ಯಾರ ಕೈಯಲ್ಲಿರುತ್ತದೋ ಬಾವಿಯ ನೀರು ಅವರ ಮಾತು ಕೇಳುತ್ತದೆ ಎಂಬುದು ಹುಕ್ಕೇರಿಯವರಿಗೆ 1969ರಿಂದಲೂ ಗೊತ್ತು.